ಪೆಟ್ಟಿಗೆಗೆ ಹೇಳಿದ ಬತ್ತೆ

ನಮ್ಮ ಅಳಿವೆ ಸೇವಾ ಕ್ಲಬ್ಬಿನವರಿಗೆ ಉದ್ಘಾಟನೆಯ ಹುಚ್ಚು. ಬಸ್ ಸ್ಟ್ಯಾಂಡಿನಲ್ಲಿ ಕುಡಿಯುವ ನೀರಿನ ಡ್ರಮ್ ಇಟ್ಟರೂ ದೀಪ ಹಚ್ಚಬೇಕು, ರಿಬ್ಬನ್ ಕತ್ತರಿಸಬೇಕು, ಮರುದಿನ ಪೇಪರಿನಲ್ಲಿ ಫೋಟೊ ಬರಬೇಕು. ಫೋಟೊದಲ್ಲಿ ಡ್ರಮ್ ಕಾಣದಿದ್ದರೂ ಅಡ್ಡಿಯಿಲ್ಲ, ಅಧ್ಯಕ್ಷರ ಮುಖ ಕಾಣಬೇಕು. ನಾನು ಇದನ್ನೆಲ್ಲ ಹೇಳಿ ಹೇಳಿ ಸಾಕಾಗಿ ಬಿಟ್ಟವಳು. ಹೇಳಿದರೆ ನನ್ನ ಗಂಡನೇ ಮೊದಲು ಬಾಯಿ ಮುಚ್ಚಿಸುತ್ತಿದ್ದರು.

ನನ್ನ ಗಂಡ ಚಂದಯ್ಯ ಶೆಟ್ಟರು ಡೊಂಬಿವಲಿಯಲ್ಲಿ ಹೋಟೆಲು ನಡೆಸಿ, ಅದನ್ನು ತಮ್ಮನ ಕೈಗೆ ಕೊಟ್ಟು ಊರಿಗೆ ಬಂದವರು. ಕುಂದಾಪುರ ಪೇಟೆಯಿಂದ ಸ್ವಲ್ಪ ಈಚೆಗೆ ನಮ್ಮ ಮನೆ. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬಂದವರು ಹೋದವರ ಹತ್ತಿರವೆಲ್ಲ ಮಾತಾಡಿದ ಬಾಯಿ ಊರಲ್ಲಿ ಸುಮ್ಮನೆ ಕೂರುತ್ತದೆಯೇ? ಕ್ಲಬ್ ಸೇರಿದರು, ನನ್ನನ್ನೂ ಸೇರಿಸಿದರು. ಪ್ರತಿ ಮಂಗಳವಾರ ಸಂಜೆ ಹಳೆ ಹೆಂಚಿನ ಕಾರ್ಖಾನೆಯ ಹಿಂದಿನ ಹಾಲ್‌ನಲ್ಲಿ ಸಭೆ. ಕಾರ್ಯದರ್ಶಿ ರವಿರಾಜ್, ಹೈಸ್ಕೂಲ್ ಮಾಸ್ಟ್ರು, ವಾರದ ವರದಿ ಓದುತ್ತಾರೆ. ಇಂಥ ಶಾಲೆಗೆ ಬ್ಯಾಗ್ ಕೊಟ್ಟೆವು, ಬ್ರಹ್ಮಾವರದಲ್ಲಿ ಕಣ್ಣಿನ ತಪಾಸಣೆ ಮಾಡಿಸಿದೆವು, ಈ ವಾರ ಇಂಥವರ ಹುಟ್ಟುಹಬ್ಬ. ಎಲ್ಲದಕ್ಕೂ ಚಪ್ಪಾಳೆ. ಕೊನೆಗೆ ತಿಂಡಿ.

ಸಭೆಗೆ ಹೊರಡುವ ಮೊದಲು ಒಳಕೋಣೆಯ ಮಂಚದ ಮೇಲೆ ಕೂತ ಅತ್ತೆಗೆ ಹೇಳಿಯೇ ಹೊರಡುವುದು ನನ್ನ ಕ್ರಮ.

"ಅತ್ತೆ, ಬತ್ತೆ."

"ಹ್ಞೂಂ, ಬಾ."

ಅತ್ತೆಯ ಹೆಸರು ಅಮ್ಮಣ್ಣಿ. ತೊಂಬತ್ತರ ಹತ್ತಿರದ ಜೀವ, ಕಣ್ಣು ಮಂದ, ಕಿವಿ ಮಾತ್ರ ಚುರುಕು. ನಾನು ಮದುವೆಯಾಗಿ ಬಂದ ದಿನದಿಂದ ಈ ಮಾತು ಹೀಗೆಯೇ. ಡೊಂಬಿವಲಿಯಲ್ಲಿದ್ದಾಗ ಫೋನ್ ಇಡುವಾಗಲೂ ಇದೇ. ನಮ್ಮ ಕಡೆ ಯಾರೂ ಹೋಗುತ್ತೇನೆ ಅನ್ನುವುದಿಲ್ಲ, ಬತ್ತೆ, ಅಂದರೆ ಬರುತ್ತೇನೆ, ಅನ್ನುವುದು. ಅಂಗಡಿಯಿಂದ ಹೊರಟರೂ ಬತ್ತೆ, ಬ್ಯಾಂಕಿನಿಂದ ಹೊರಟರೂ ಬತ್ತೆ. ಸಾವಿನ ಮನೆಯೊಂದು ಬಿಟ್ಟು. ಅಲ್ಲಿಂದ ಯಾರಿಗೂ ಏನೂ ಹೇಳದೆ ಮೆಲ್ಲಗೆ ಎದ್ದು ಬರುವುದು ರೂಢಿ. ಬತ್ತೆ ಅಂದರೆ ಇನ್ನೊಂದು ಸಾವಿಗೆ ಬರುತ್ತೇನೆ ಅಂದ ಹಾಗೆ. ಸಣ್ಣ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು.

ಕಳೆದ ಬೇಸಿಗೆಯಲ್ಲಿ ಕ್ಲಬ್ಬಿಗೆ ಹೆಣ ಇಡುವ ಫ್ರೀಜರ್ ಪೆಟ್ಟಿಗೆ ಬಂತು. ಒಳ್ಳೆಯ ಕೆಲಸವೇ. ನಮ್ಮ ಊರಿನ ಅರ್ಧ ಜನ ಮುಂಬೈ, ದುಬೈ ಅಂತ ಹಂಚಿಹೋಗಿದ್ದಾರೆ. ಮನೆಯಲ್ಲಿ ಹಿರಿಯರು ತೀರಿಕೊಂಡರೆ ಮಕ್ಕಳು ಬಂದು ಮುಟ್ಟುವವರೆಗೆ ಹೆಣ ಕೆಡದೆ ಇರಬೇಕಲ್ಲ. ಕೇಳಿದ ಮನೆಗೆ ಪೆಟ್ಟಿಗೆ ಕಳಿಸುವುದು, ಕೆಲಸ ಮುಗಿದ ಮೇಲೆ ತಂದು ಒರೆಸಿ ಹಾಲ್‌ನ ಪಕ್ಕದ ಶೆಡ್ಡಿನಲ್ಲಿ ಇಡುವುದು. ಉದ್ದದ ಸ್ಟೀಲಿನ ಪೆಟ್ಟಿಗೆ, ಮೇಲೆ ಗಾಜಿನ ಮುಚ್ಚಳ, ಕಾಲ ಬುಡದಲ್ಲಿ ಗುಂಯ್ ಅನ್ನುವ ಮೋಟರು. ಇಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಕ್ಲಬ್ಬಿನವರು ಅದಕ್ಕೂ ಉದ್ಘಾಟನೆ ಇಟ್ಟರು!

ಹಾಲ್‌ನ ಮಧ್ಯ ಪೆಟ್ಟಿಗೆ ಇಟ್ಟು ಕೆಂಪು ರಿಬ್ಬನ್ ಕಟ್ಟಿದ್ದರು. ಅಧ್ಯಕ್ಷ ಸುಧೀರ್, ಗೇರುಬೀಜದ ಫ್ಯಾಕ್ಟರಿಯವರು, ಹೊಸ ಕೋಟು ಹಾಕಿಕೊಂಡು ಬೆವರುತ್ತಿದ್ದರು. ಅತಿಥಿಗಳು ರಿಬ್ಬನ್ ಕತ್ತರಿಸಿದರು. ಚಪ್ಪಾಳೆ ಆಯಿತು. ಪೇಪರಿನ ಫೋಟೊದವನು ಮಾತ್ರ ಮುಖ ಸಿಂಡರಿಸಿದ.

"ಖಾಲಿ ಪೆಟ್ಗಿ ಫೋಟೊ ಎಂತಕ್ಕ್ ಸರ್? ಫ್ರಿಜ್ ಮಾರುಕೆ ಇಟ್ಟಾಂಗ್ ಕಾಂತ್."

"ಹಾಂಗಾರೆ ಯಾರಾರೂ ಒಬ್ರ್ ಮನಿಕಣಿ ಕಾಂಬ" ಎಂದು ಸುಧೀರ್ ನಗೆಯಾಡಿದರು.

ನಗೆಯಾಡಿದ್ದು ಅಷ್ಟೇ. ಅಷ್ಟರಲ್ಲಿ ನನ್ನ ಗಂಡ ಚಪ್ಪಲಿ ಕಳಚಿ ಆಗಿತ್ತು.

"ನಾ ಮನಿಕಂತೆ ಬಿಡಿ. ಡೊಂಬಿವಲಿ ರೂಮಲ್ಲ್ ಇದಕ್ಕಿಂತ ಸಣ್ಣ ಜಾಗದಲ್ಲ್ ಮನಿಕಂಡವ ನಾನ್."

"ಹ್ವಾಯ್, ಎಂತ ಮರ್ಲ್ ನಿಮ್ಗ್? ಬನ್ನಿ ಇತ್ಲಾಗೆ!" ಎಂದು ನಾನು ಹಿಂದಿನ ಸಾಲಿನಿಂದ ಕೂಗಿದೆ. ಕೇಳುವವರು ಯಾರು? ಅವರು ಒಳಗೆ ಅಂಗಾತ ಮಲಗಿ, ಎದೆಯ ಮೇಲೆ ಕೈ ಜೋಡಿಸಿ, ಕಣ್ಣು ಮುಚ್ಚಿದರು. ಮುಚ್ಚಳ ಹಾಕಿದರು. ಸ್ವಿಚ್ ಒತ್ತಿದರು. ಸುಧೀರ್ ಕೈಯಲ್ಲಿ ಉದ್ಘಾಟನೆಗೆಂದು ತಂದ ಹೂವಿನ ಎಸಳಿತ್ತು, ಅಭ್ಯಾಸಬಲದಿಂದ ಅದನ್ನು ಗಾಜಿನ ಮೇಲೆ ಎರಚಿಯೂ ಬಿಟ್ಟರು. ಹಾಲ್‌ಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಫೋಟೊ ಆಯಿತು. ಆಗಲೇ ಯಾರೋ ಮೈಕಿನಲ್ಲಿ ಗೋಳಿಬಜೆ ಬಿಸಿ ಇದೆ ಎಂದರು, ಎಲ್ಲರೂ ಆ ಕಡೆ ತಿರುಗಿದರು. ಒಳಗಿದ್ದವರನ್ನು ಏಳಿ ಎನ್ನುವವರು ಯಾರೂ ಇರಲಿಲ್ಲ. ನಾನು ಹೋಗಿ ಮುಟ್ಟುವಷ್ಟರಲ್ಲಿ ಅವರೇ ಮುಚ್ಚಳ ದೂಡಿ ಎದ್ದು, ಅಂಗಿ ಕೊಡವಿಕೊಂಡರು. ಆಮೇಲೆ, ಊಟ ಹಾಕಿದ ಮನೆಯಿಂದ ಹೊರಟವರ ಹಾಗೆ ಪೆಟ್ಟಿಗೆಯ ಬೆನ್ನು ತಟ್ಟಿ ಹೇಳಿದರು.

"ಬತ್ತೆ ಹಾಂ."

ನಗದವಳು ನಾನೊಬ್ಬಳೇ ಎಂದರೆ ಸುಳ್ಳಾಗುತ್ತದೆ. ಸಿಟ್ಟು ಬಂದಿತ್ತು, ಆದರೂ ನಗೆ ತಡೆಯಲಾಗಲಿಲ್ಲ.

ಫೋಟೊ ಪೇಪರಿನಲ್ಲಿ ಬಂದ ದಿನ ಮುಂಬೈಯಿಂದ ಒಂದೇ ಸಮ ಫೋನು. "ಚಂದಯ್ಯಣ್ಣ ಹೋದ್ರಂಬ್ರಲೆ" ಎಂದು ಅಳುವವರಿಗೆ ಚಂದಯ್ಯಣ್ಣನೇ ಫೋನ್ ಎತ್ತಿ "ಹೌದ್, ಈಗ ಮೇಲಿಂದ ಮಾತಾಡುದ್" ಎಂದು ಉತ್ತರ ಕೊಟ್ಟರು. ಅತ್ತೆಗೆ ಫೋಟೊ ಕಾಣುವುದಿಲ್ಲ. ಕತೆ ಕೇಳಿ ಅವರು ನಗಲಿಲ್ಲ.

"ನಾ ಸತ್ರೆ ನನ್ನ ಆ ಐಸ್ ಪೆಟ್ಗಿಗ್ ಹಾಕುಕಾಗ ಕಾಣ್ ಜಲಜ. ಮೀನ್ ಇಟ್ಟಾಂಗ್ ಇಡುಕಾಗ. ನಂಗೆ ಚಳಿ ಆಪುದಿಲ್ಲೆ."

ಅತ್ತೆಗೆ ಚಳಿಯೆಂದರೆ ಆಗುತ್ತಿರಲಿಲ್ಲ. ಎಪ್ರಿಲ್ ತಿಂಗಳಲ್ಲೂ ಫ್ಯಾನ್ ಹಾಕಗೊಡುತ್ತಿರಲಿಲ್ಲ. ಅವರ ಅಮ್ಮ ಹಳೆ ಸೀರೆ ಸೇರಿಸಿ ಹೊಲಿದ ಒಂದು ಕೌದಿ ಇತ್ತು, ವರ್ಷವಿಡೀ ಅದೇ ಹೊದಿಕೆ.

ಅದೇ ವಾರ ನಮ್ಮವರಿಗೆ ಚಳಿ ಶುರುವಾಯಿತು. ಹೊರಗೆ ಮಣ್ಣು ಕಾದು ಕಾಲಿಡಲಾಗದ ಸೆಕೆ, ಇವರು ಜಗಲಿಯಲ್ಲಿ ಶಾಲು ಹೊದ್ದು ಕೂತಿದ್ದಾರೆ. ಮೈ ಮುಟ್ಟಿದರೆ ಬಾವಿಕಟ್ಟೆಯ ಕಲ್ಲಿನಷ್ಟು ತಂಪು. ಜ್ವರವಿಲ್ಲ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಥೈರಾಯ್ಡ್ ನೋಡಿದರು, ಎಲ್ಲ ಸರಿ ಇದೆ ಎಂದರು. ನಾನು ಸುಮ್ಮನಿರಲಿಲ್ಲ. "ಬ್ಯಾಡ ಬ್ಯಾಡ ಅಂದ್ರೂ ಹೋಯಿ ಮನಿಕಂಡ್ರಿ, ತಂಡಿ ಕೂತಿತ್ತ್ ಎದೆಯಂಗೆ" ಎಂದು ದಿನವೂ ಬೈದೆ. ಮೊದಮೊದಲು ನಗುತ್ತಿದ್ದರು. ಆಮೇಲೆ ನಗುವಾಗ ಹಲ್ಲು ಕಟಕಟ ಅನ್ನತೊಡಗಿತು.

ಮತ್ತೆ ಒಂದು ದಿನ ಬೆಳಿಗ್ಗೆ ಶಾಲು ಎಸೆದು ಎದ್ದರು. ಮುಖದಲ್ಲಿ ಬಣ್ಣವಿತ್ತು. ಬಂಗುಡೆ ಸಾರು ಮಾಡಿಸಿ ಎರಡೆರಡು ಸಲ ಬಡಿಸಿಕೊಂಡು ಉಂಡರು. ದೇವರು ಕಣ್ಣು ಬಿಟ್ಟ ಎಂದುಕೊಂಡೆ. ಮರುದಿನ ಮಧ್ಯಾಹ್ನ ಇದ್ದಕ್ಕಿದ್ದಂತೆ ಮತ್ತೆ ಗಡಗಡ. ಆ ಮಂಗಳವಾರ ರವಿರಾಜ್ ವರದಿ ಓದಿದರು.

"ನಮ್ಮ ಶೈತ್ಯಪೆಟ್ಟಿಗೆಯು ಈ ವಾರ ಬಾರ್ಕೂರಿನ ಒಂದು ಮನೆಗೆ ತನ್ನ ಮೊದಲ ಸೇವೆಯನ್ನು ಸಲ್ಲಿಸಿದೆ ಎಂದು ತಿಳಿಸಲು ಹರ್ಷವಾಗುತ್ತದೆ."

ಚಪ್ಪಾಳೆ ಆಯಿತು. ನಾನೂ ತಟ್ಟಿದೆ. ಯಾವ ದಿನ ಎಂದು ಕೇಳಬೇಕು ಅನ್ನಿಸಿದ್ದು ಮುಂದಿನ ಸಲ, ಬೈಂದೂರಿನ ಮನೆಗೆ ಪೆಟ್ಟಿಗೆ ಹೋದಾಗ. ಆವತ್ತೂ ನಮ್ಮವರು ಶಾಲು ಬಿಸಾಡಿದ್ದರು. ಮೂರನೆಯ ಸಲ ನಾನೇ ಕಾದು ನೋಡಿದೆ. ನಮ್ಮವರು ಸ್ವೆಟರ್ ಬಿಚ್ಚಿದ ಕೂಡಲೇ ರವಿರಾಜ್‌ಗೆ ಫೋನ್ ಮಾಡಿದೆ. "ಹೌದ್ ಜಲಜಕ್ಕ, ಈಗಷ್ಟೇ ಹೆಣ ಒಳಗಿಟ್ಟದ್ದ್. ನಿಮ್ಗ್ ಯಾರ್ ಹೇಳ್ರ್?" ಎಂದರು. ನಾನು ಫೋನ್ ಇಟ್ಟೆ.  ಪೆಟ್ಟಿಗೆಯಲ್ಲಿ ಬೇರೆಯವರಿದ್ದರೆ ನನ್ನ ಗಂಡನಿಗೆ ಬೆಚ್ಚಗೆ. ಪೆಟ್ಟಿಗೆ ಖಾಲಿಯಿದ್ದರೆ ಒಳಗೆ ಇವರೇ ಮಲಗಿದ ಹಾಗೆ ಚಳಿ.

ನಂಬಲಿಕ್ಕೆ ಮನಸ್ಸಿಲ್ಲ. ಒಂದು ಮಧ್ಯಾಹ್ನ ಗಾಲಿಕುರ್ಚಿ ಬೇಕೆಂದು ಸುಳ್ಳು ಹೇಳಿ ಶೆಡ್ಡಿನ ಬೀಗದ ಕೈ ತಂದೆ. ಒಳಗೆ ಹಳೆ ಬ್ಯಾನರುಗಳು, ಮುರಿದ ಕುರ್ಚಿಗಳು, ಮೂಲೆಯಲ್ಲಿ ಪೆಟ್ಟಿಗೆ. ಹೆಂಚಿನ ಸಂದಿನಿಂದ ಬಿಸಿಲು ಬೀಳುತ್ತಿತ್ತು, ನನ್ನ ಬೆನ್ನು ಬೆವರುತ್ತಿತ್ತು. ಪ್ಲಗ್ ಹಾಕಿರಲಿಲ್ಲ. ವಯರನ್ನು ಸುತ್ತಿ ಮೇಲಿಟ್ಟಿದ್ದರು. ಹತ್ತಿರ ಹೋಗಿ ಬಗ್ಗಿದೆ. ಗಾಜಿನ ಮೇಲೆ, ತಲೆ ಇಡುವ ಕಡೆ, ಅಂಗೈಯಗಲ ಮಂಜು ಕಟ್ಟಿತ್ತು. ಸೆರಗಿನಿಂದ ಒರೆಸಿದೆ, ಹೋಗಲಿಲ್ಲ. ಒಳಗಿನಿಂದ ಕಟ್ಟಿದ ಮಂಜು ಅದು.

ನೋಡುತ್ತಿದ್ದಂತೆ ಮಂಜು ಸಣ್ಣದಾಯಿತು. ಮತ್ತೆ ಅಗಲವಾಯಿತು. ಮತ್ತೆ ಸಣ್ಣದು. ನನಗೆ ಯಾಕೆ ಹಾಗೆ ಮಾಡಬೇಕು ಅನ್ನಿಸಿತೋ, ಮೊಬೈಲ್ ತೆಗೆದು ಮನೆಗೆ ಫೋನ್ ಹಚ್ಚಿದೆ. ನಮ್ಮವರು ಎತ್ತಿದರು. ಚಳಿಗೆ ಮಾತು ಹೊರಡುತ್ತಿರಲಿಲ್ಲ, ಉಸಿರು ಮಾತ್ರ ಕೇಳುತ್ತಿತ್ತು. ಅವರು ಉಸಿರು ಬಿಟ್ಟಾಗ ಗಾಜಿನ ಮಂಜು ಅಗಲವಾಗುತ್ತಿತ್ತು, ಎಳೆದುಕೊಂಡಾಗ ಸಣ್ಣದಾಗುತ್ತಿತ್ತು.

"ಎಲ್ಲಿದ್ದೆ ಜಲಜ?" ಎಂದು ಅವರು ಕೇಳಿದರು. ಗಾಜು ಪೂರ್ತಿ ಮಸುಕಾಯಿತು.

ನಾನು ಬೀಗ ಹಾಕಿದೆನೋ ಇಲ್ಲವೋ ನೆನಪಿಲ್ಲ. ಮನೆಗೆ ಬಂದು ಅತ್ತೆಯ ಮಂಚದ ಕಾಲಬುಡದಲ್ಲಿ ಕೂತು ಎಲ್ಲವನ್ನೂ ಹೇಳಿ ಅತ್ತುಬಿಟ್ಟೆ. ಅವರು ಕೌದಿಯ ಅಂಚು ಹಿಡಿದುಕೊಂಡು ಕೊನೆಯವರೆಗೆ ಕೇಳಿದರು.

"ಏಳುವತಿಗೆ ಅವ ಎಂತ ಹೇಳ್ದ?"

"ಯಾರ್, ನಿಮ್ಮ ಮಗನಾ? ಎಂತ ಹೇಳುದ್, ಬರೀ ತಮಾಷೆ. ಪೆಟ್ಗಿ ತಟ್ಟಿ ಬತ್ತೆ ಹಾಂ ಅಂದ್ರ್."

ಹೇಳಿದ ಮೇಲೆ ನನಗೇ ಹೊಳೆಯಿತು, ಹೆಣದ ಪೆಟ್ಟಿಗೆಗೆ ಹೇಳಬಾರದ ಮಾತು ಅದು.  ಅಂಗಳದಲ್ಲಿ ಕಾಗೆಯೊಂದು ಕೂಗುತ್ತಿತ್ತು.

"ಹಾಂಗಾರೆ ಅದ್ ಕಾಯ್ತಾ ಇತ್ತ್" ಎಂದರು. "ಬೇರೆಯವ್ರ್ ಒಳಗ್ ಇಪ್ಪತಿಗೆ ಮರ್ತಂತ್. ಖಾಲಿ ಆದ್ ಕೂಡ್ಲೆ ನೆನಪ್ ಮಾಡ್ಕಂತ್."

"ಬಿಡ್ಸುಕೆ ಎಂತ ಮಾಡ್ಕ್ ಅತ್ತೆ?"

"ಮದ್ವೆ ಹೇಳಿಕೆಗೆ ಬತ್ತೆ ಅಂದವಂಗೆ ಹೋಪುಕೆ ಆಗ್ದಿದ್ರೆ ಎಂತ ಮಾಡುದ್? ಮನೆಯಿಂದ ಒಬ್ರಾರೂ ಹೋಯಿ ಬರ್ಕ್. ಮಾತ್ ಮನೆದ್ದ್, ಬರೀ ಅವಂದಲ್ಲ."

ಅದು ನನ್ನ ಕಿವಿಯಲ್ಲಿ ಕೂತಿತು. ಆದರೆ ಹೋಗುವುದು ಎಂದರೆ ಹೇಗೆ ಹೋಗುವುದು, ಯಾರು ಹೋಗುವುದು ಎಂದು ಕೇಳಲು ಧೈರ್ಯ ಬರಲಿಲ್ಲ. ಸುಧೀರ್ ಹತ್ತಿರ ಹೋಗಿ, ಆ ಪೆಟ್ಟಿಗೆಯನ್ನು ಒಡೆದು ಗುಜರಿಗೆ ಹಾಕಿ ಎಂದೆ. ಅವರು ಕಣ್ಣು ಪಿಳಿಪಿಳಿ ಮಾಡಿದರು. "ಎಂತ ಜಲಜಕ್ಕ, ಪೇಪರಲ್ಲ್ ಬಂದ ಪ್ರಾಜೆಕ್ಟ್ ಅದ್! ಜಿಲ್ಲೆಯಲ್ಲೇ ನಮ್ಗ್ ಹೆಸ್ರ್ ಬಂದಿತ್ತ್." ಅವರ ಹತ್ತಿರ ಮಂಜಿನ ಕತೆ ಹೇಳಿದ್ದರೆ ಮುಂದಿನ ವಾರ ನನಗೇ ಒಂದು ಆರೋಗ್ಯ ಶಿಬಿರ ಇಡುತ್ತಿದ್ದರು.

ಅಂದಿನಿಂದ ನಾನು ಎಂಥವಳಾದೆ ಎಂದು ಹೇಳಲಿಕ್ಕೆ ನಾಚಿಕೆಯಾಗುತ್ತದೆ. ಬೆಳಿಗ್ಗೆ ಎದ್ದು ಮೊದಲು ನೋಡುವುದು ಪೇಪರಿನ ನಿಧನದ ಪುಟ. ಆಂಬುಲೆನ್ಸ್ ಶಬ್ದ ಕೇಳಿದರೆ ಎದೆ ಹಗುರ. ಮಂಗಳವಾರದ ವರದಿಯಲ್ಲಿ ಶಾಲೆ, ಬ್ಯಾಗು, ಕನ್ನಡಕ ಯಾವುದೂ ಕಿವಿಗೆ ಬೀಳುತ್ತಿರಲಿಲ್ಲ, ಆ ಒಂದು ಸಾಲಿಗೆ ಕಾಯುತ್ತಿದ್ದೆ. ಬಾರ್ಕೂರಿನಲ್ಲಿ ಸಣ್ಣ ವಯಸ್ಸಿನ ಹೆಂಗಸೊಬ್ಬಳು ಹೋದಳು, ಎರಡು ಸಣ್ಣ ಮಕ್ಕಳು. ದುಬೈಯಿಂದ ಗಂಡ ಬರುವುದು ತಡ ಎಂದು ರವಿರಾಜ್ ಮರುಗಿದರು. ನನಗೆ ತಡವಾಗುತ್ತದಲ್ಲ ಎಂದು ಸಮಾಧಾನವಾಯಿತು. ಆ ದಿನ ನಮ್ಮವರು ಅಂಗಳದಲ್ಲಿ ತೆಂಗಿನ ಗಿಡಕ್ಕೆ ನೀರು ಬಿಟ್ಟರು. ಅವರ ಬೆಚ್ಚಗಿನ ಕೈ ಹಿಡಿದು ನಾನು ಕಣ್ಣೀರಿಟ್ಟೆ, ಆ ಮಕ್ಕಳನ್ನು ನೆನೆದು.

ಆಸಾಡಿ ತಿಂಗಳು ಬಂತು. ಮಳೆಗಾಲದಲ್ಲಿ ಹಣ್ಣು ಜೀವಗಳು ಉದುರುತ್ತವೆ ಎನ್ನುತ್ತಾರೆ. ಈ ಸಲ ಒಂದೂ ಇಲ್ಲ! ಕುಂದಾಪುರದಿಂದ ಬೈಂದೂರಿನವರೆಗೆ ಯಾರ ಮನೆಯಿಂದಲೂ ಕರೆ ಬರಲಿಲ್ಲ. ವಾರ ವಾರವೂ ರವಿರಾಜ್ ಪೆಟ್ಟಿಗೆಯ ಸುದ್ದಿ ಬಿಟ್ಟು ಮುಂದೆ ಹೋಗುತ್ತಿದ್ದರು. ನಮ್ಮವರ ತುಟಿ ನೇರಳೆಯಾಯಿತು. ಮೂರು ಕಂಬಳಿ ಹೊದಿಸಿದರೂ ಒಳಗೆ ಬಿಸಿಯೇ ಹುಟ್ಟುತ್ತಿರಲಿಲ್ಲ. ಅಷ್ಟು ಮಾತಿನ ಮನುಷ್ಯ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು.

ಒಂದು ಬೆಳಿಗ್ಗೆ ನಾನು ಅಡುಗೆಮನೆಯಿಂದ ಬಂದು ನೋಡಿದರೆ ಮಂಚ ಖಾಲಿ. ಇವರು ಚಾವಡಿಯಲ್ಲಿ ಬಿಳಿ ಅಂಗಿ, ಬಿಳಿ ಪಂಚೆ ಉಟ್ಟು, ಬಾಚಿದ ತಲೆಯಲ್ಲಿ, ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

"ಎಲ್ಲಿಗ್ ಹೊರಟ್ರಿ?"

"ಬತ್ತೆ ಅಂದಿದೆ ಅಲ್ದಾ" ಎಂದರು. ಹೋಟೆಲಿನಲ್ಲಿ ಗಿರಾಕಿಗೆ ಹೇಳುವಷ್ಟು ಸಹಜವಾಗಿ. "ಖಾಲಿ ಇತ್ತ್ ಅದ್. ಎಷ್ಟ್ ದಿನ ಅಂತ ಕಾಯ್ಸುದ್?"

ನಾನು ಬಾಗಿಲ ಅಗುಳಿ ಹಾಕಿ, ಅಡ್ಡ ಕೂತು, ಕಿರುಚಿದೆ. ಕಾರಿನ ಕೀ ಕಿತ್ತುಕೊಂಡು ಅಕ್ಕಿ ಡಬ್ಬಿಯಲ್ಲಿ ಹಾಕಿದೆ. ಅವರು ಜಗಳವಾಡಲಿಲ್ಲ. ಚಪ್ಪಲಿ ಹಾಕಿದ ಕಾಲಲ್ಲೇ ಬಾಗಿಲು ನೋಡುತ್ತ ನಿಂತರು. ಕೈ ಹಿಡಿದು ಎಳೆದು ತಂದು ಮಲಗಿಸಿದಾಗ ಆ ಕೈ ನನ್ನ ಗಂಡನ ಕೈಯೆಂದು ನನಗೆ ಅನ್ನಿಸಲಿಲ್ಲ. ಆಗ ನಾನು ನಿಶ್ಚಯ ಮಾಡಿದೆ. ಮಾತು ಮನೆಯದು ತಾನೆ? ನಾನೂ ಈ ಮನೆಯವಳೇ. ಒಳಗೆ ಹೋಗಿ ಅತ್ತೆಗೆ ಹೇಳಿದೆ.

"ಅತ್ತೆ, ಇವ್ರನ್ನ್ ಚೂರ್ ಕಂಡ್ಕಣಿ. ನಾ ಶೆಡ್ಡಿಗ್ ಹೋಯಿ ಬತ್ತೆ."

ಹ್ಞೂಂ, ಬಾ ಎಂಬ ಉತ್ತರ ಬರಲಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಸಲ.

"ಕೂಕೊ" ಎಂದರು. ಕೈಗೆ ಸಿಕ್ಕಿದ ನನ್ನ ಸೆರಗನ್ನು ಹಿಡಿದುಕೊಂಡರು. ಆ ಮುಷ್ಟಿಯಲ್ಲಿ ಅಷ್ಟು ಬಲವಿತ್ತು ಎಂದು ನಾನು ಎಣಿಸಿರಲಿಲ್ಲ. "ಮನೆಯಲ್ಲ್ ದೊಡ್ಡವ್ರ್ ಇಪ್ಪತಿಗೆ ನೀ ಹೋಪುದಾ? ಯಾವ ಊರಿನ ಕ್ರಮ ಅದ್?"

"ಅತ್ತೆ..."

"ಆ ಪೆಟ್ಗಿ ಒಳಗೆ ತುಂಬ ಚಳಿಯಾ?"

 ತಲೆಯಾಡಿಸಿದೆ. ಅವರಿಗೆ ಕಾಣಲಿಲ್ಲವೋ, ಕಂಡಿತೋ.

"ನನ್ ಕೌದಿ ಹಾಕಿ. ಮತ್ತೆ, ಹೊರಗೆ ತೆಗೂವತಿಗೆ ಯಾರೂ ಎಂತದೂ ಮಾತಾಡುಕಾಗ. ನಿನ್ ಗಂಡನ ಬಾಯಿ ನೀನೇ ಹಿಡ್ಕೊ. ಅದ್ ಸಮ ಇಲ್ಲೆ."

ಅಷ್ಟು ಹೇಳಿ ನಕ್ಕರು. ಆ ಸಂಜೆ ನನ್ನಿಂದ ಬಿಸಿನೀರು ಕೇಳಿ ಮಿಂದರು. ಟ್ರಂಕಿನಲ್ಲಿಟ್ಟಿದ್ದ ಮದುವೆಯ ಸೀರೆ ತರಿಸಿ ಉಟ್ಟರು. ಗಂಜಿ ಬೇಡ ಎಂದರು. ಮಗನ ಮಂಚದ ಹತ್ತಿರ ನಡೆಸಿಕೊಂಡು ಹೋಗೆಂದು ನನಗೆ ಹೇಳಿ, ಅವರ ತಣ್ಣನೆಯ ಹಣೆಯ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟರು. ಬೆಳಕು ಹರಿಯುವಾಗ ನಾನು ಕಾಫಿ ಹಿಡಿದುಕೊಂಡು ಹೋದರೆ ಅತ್ತೆಯ ಜೀವ ಹೋಗಿತ್ತು. ಕೌದಿ ಮಡಚಿ ತಲೆಯ ಪಕ್ಕದಲ್ಲಿ ಇಟ್ಟುಕೊಂಡಿದ್ದರು.

ನಾದಿನಿ ಮುಂಬೈಯಿಂದ ಬರಬೇಕಿತ್ತು. ಪೆಟ್ಟಿಗೆ ತರಿಸುವುದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಕ್ಲಬ್ಬಿನವರು ತಂದು ಚಾವಡಿಯಲ್ಲಿಟ್ಟರು. ಮಂಜು ಕಟ್ಟಿದ ಗಾಜನ್ನು ನಾನು ನೋಡಲಿಲ್ಲ, ಮುಖ ತಿರುಗಿಸಿದೆ. ಅತ್ತೆಯನ್ನು ಒಳಗಿಟ್ಟು ನಾನೇ ಕೌದಿ ಹೊದಿಸಿದೆ, ಕಾಲಿನ ಕೆಳಗೂ ಸೇರಿಸಿದೆ. ಹೆಣಕ್ಕೆ ಹಾಗೆ ಹೊದಿಸಿದರೆ ಪೆಟ್ಟಿಗೆಯ ಕೆಲಸವೇ ಆಗುವುದಿಲ್ಲ ಎಂದು ರವಿರಾಜ್ ಮೆಲ್ಲಗೆ ಹೇಳಿದರು. "ಅವ್ರಿಗೆ ಚಳಿ ಆಪುದಿಲ್ಲೆ" ಎಂದು ನಾನು ಗದರಿದೆ. 

ಮುಚ್ಚಳ ಮುಚ್ಚಿ ಸ್ವಲ್ಪ ಹೊತ್ತಿಗೆ ನಮ್ಮವರು ಒಳಕೋಣೆಯಿಂದ ಎದ್ದು ಬಂದರು. ಕಂಬಳಿ ಹಿಂದೆ ನೆಲದಲ್ಲಿ ಎಳೆಯುತ್ತಿತ್ತು. ಅಮ್ಮನ ತಲೆಯ ಹತ್ತಿರ ಕುಸಿದು ಕೂತು ಮಗುವಿನ ಹಾಗೆ ಅತ್ತರು. ಅಳುತ್ತ ಅಳುತ್ತ ಅವರ ಹಣೆಯಲ್ಲಿ ಬೆವರು ಒಡೆಯಿತು. ಬೇಸಿಗೆಯಿಂದ ಈಚೆಗೆ ನಾನು ಕಾಣದ ಬೆವರು. ಸೆರಗಿನಿಂದ ಒರೆಸಿದೆ, ಮತ್ತೆ ಬಂತು, ಮತ್ತೆ ಒರೆಸಿದೆ. ಅತ್ತೆ ಹೋದ ದುಃಖ ಒಂದು ಕಡೆ, ಆ ಬೆವರು ಕಂಡ ಖುಷಿ ಒಂದು ಕಡೆ. ಬಂದವರೆಲ್ಲ ನನ್ನನ್ನು ಕಂಡು, ಪಾಪ, ಅತ್ತೆಯೆಂದರೆ ಎಷ್ಟು ಪ್ರೀತಿ ಎಂದರು.

ನಾದಿನಿ ಬಂದ ಮೇಲೆ ಅತ್ತೆಯನ್ನು ಹೊರಗೆ ತೆಗೆದರು. ನಾನು ಮೊದಲೇ ಹೇಳಿಟ್ಟಿದ್ದೆ, ಯಾರೂ ತುಟಿ ಬಿಚ್ಚಲಿಲ್ಲ. ನಮ್ಮವರ ಪಕ್ಕದಲ್ಲೇ 'ಬಾಯಿ ಹಿಡಿದುಕೊಂಡು' ನಿಂತಿದ್ದೆ. ಸುಡುವ ಕೆಲಸ ಮುಗಿಯಿತು. ಪೆಟ್ಟಿಗೆ ಶೆಡ್ಡಿಗೆ ಹೋಯಿತು. ಅದು ಖಾಲಿಯಾಗಿ ದಿನ ಕಳೆದರೂ ನಮ್ಮವರಿಗೆ ಚಳಿ ಬರಲಿಲ್ಲ. ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಅವರೇ ನಿಂತು ಬಡಿಸಿದರು, ಬೆವರಿ ಅಂಗಿ ಬೆನ್ನಿಗೆ ಅಂಟಿತ್ತು.

ಅದಾದ ಮಂಗಳವಾರ ಸಭೆಗೆ ಹೋದೆವು. ಹೊರಡುವಾಗ ಒಳಕೋಣೆಯ ಬಾಗಿಲಲ್ಲಿ ನಿಂತೆ, ಖಾಲಿ ಮಂಚ ಕಂಡು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಸಭೆಯಲ್ಲಿ ಅತ್ತೆಗಾಗಿ ಮೌನ ಆಚರಿಸಿದರು. ರವಿರಾಜ್ ವರದಿ ಓದಿದರು. ಪೆಟ್ಟಿಗೆಯು ನಮ್ಮ ಸದಸ್ಯರಾದ ಚಂದಯ್ಯ ಶೆಟ್ಟರ ಮನೆಗೇ ಸೇವೆ ಸಲ್ಲಿಸಿದೆ ಎಂದರು. ಅಭ್ಯಾಸದಿಂದ ಒಂದಿಬ್ಬರು ಚಪ್ಪಾಳೆ ತಟ್ಟಿ ನಿಲ್ಲಿಸಿದರು. ನಮ್ಮವರು ಅತ್ತ ಸುಧೀರ್ ಜೊತೆ ಏನೋ ಹೇಳಿ ನಗುತ್ತಿದ್ದರು. ತಿಂಡಿಗೆ ಎಲ್ಲರೂ ಏಳುವಾಗ ನಾನು ಶೆಡ್ಡಿನ ಬೀಗದ ಕೈ ತೆಗೆದುಕೊಂಡೆ. ಒಮ್ಮೆ ಕಣ್ಣಾರೆ ಕಾಣದೆ ನನಗೆ ನಿದ್ರೆ ಬರುವಂತಿರಲಿಲ್ಲ.

ಹೊರಗಿನ್ನೂ ಬೆಳಕಿತ್ತು. ಪೆಟ್ಟಿಗೆಯ ವಯರು ಸುತ್ತಿ ಮೇಲಿಟ್ಟಿತ್ತು. ಗಾಜು ಈ ತುದಿಯಿಂದ ಆ ತುದಿಯವರೆಗೆ ತಿಳಿಯಾಗಿತ್ತು. ನನ್ನ ಮುಖ ಅದರಲ್ಲಿ ಕಂಡಿತು. ಎಷ್ಟೋ ಹೊತ್ತು ಹಾಗೇ ನಿಂತೆ. ಗೆದ್ದೆವು ಅತ್ತೆ ಎಂದು ಮನಸ್ಸಿನಲ್ಲೇ ಹೇಳಿ, ಕೈ ಮುಗಿದು, ಗಾಜಿನ ಮೇಲೆ ಹಣೆಯಿಟ್ಟು ಅತ್ತುಬಿಟ್ಟೆ. ಅತ್ತು ಹಗುರಾಗಿ, ಕಣ್ಣೊರೆಸಿಕೊಂಡು, ಬಾಗಿಲ ಕಡೆ ತಿರುಗಿದೆ. ಅಂಗಡಿಯಿಂದ, ಬ್ಯಾಂಕಿನಿಂದ, ಮನೆಯಿಂದ ಹೊರಡುವಾಗ ನಾಲಿಗೆಗೆ ತಾನೇ ಬರುವ ಮಾತು ತಾನೇ ಬಂತು.

"ಅತ್ತೆ, ಬತ್ತೆ."

ಹೇಳಿ ಮುಗಿದಿತ್ತು. ಬಾಯಿಗೆ ಕೈ ಹಿಡಿದೆ, ಏನು ಪ್ರಯೋಜನ?  ಹಾಲ್‌ನಿಂದ ನಗುವಿನ ಸದ್ದು ಕೇಳುತ್ತಿತ್ತು. ಮೆಲ್ಲಗೆ ತಿರುಗಿ ನೋಡಿದೆ. ತಿಳಿಯಾದ ಗಾಜಿನಲ್ಲಿ, ತಲೆ ಇಡುವ ಕಡೆ, ಒಂದು ಸಣ್ಣ ಮಂಜಿನ ಚುಕ್ಕೆ ಮೂಡಿತು. ಅಗಲವಾಯಿತು. ಮಾತಾಡಲು ಬಾಯಿ ತೆರೆದವರ ಉಸಿರಿನಷ್ಟು ಅಗಲವಾಗಿ ನಿಂತಿತು. ಇನ್ನು ಬರಬೇಕಾದ ಉತ್ತರ ನನಗೆ ಗೊತ್ತಿತ್ತು. ಹ್ಞೂಂ, ಬಾ. ಅತ್ತೆ ಇದ್ದಷ್ಟು ದಿನ ಈ ಮಾತು ಕೇಳದೆ ನಾನು ಹೊಸ್ತಿಲು ದಾಟಿದವಳಲ್ಲ. ಈಗ ಅದು ಕೇಳದಿರಲಿ ಎಂದು ಎರಡೂ ಕಿವಿ ಮುಚ್ಚಿಕೊಂಡು, ಕಣ್ಣು ಮಾತ್ರ ಬಿಟ್ಟು ನಿಂತೆ.

ಮಂಜು ನಡುಗಿತು. ಆಮೇಲೆ ಅಂಚಿನಿಂದ ಒಳಗೊಳಗೆ ಸರಿಯುತ್ತ ಸಣ್ಣದಾಗಿ, ಸಾಸಿವೆಯಷ್ಟಾಗಿ, ಅಳಿಸಿಹೋಯಿತು. ಗಾಜು ಮೊದಲಿನಂತೆ ತಿಳಿಯಾಯಿತು.

ಅತ್ತೆ ಬಾ ಅನ್ನಲಿಲ್ಲ. ಅಲ್ಲಿ ಆ ಚಳಿಯಲ್ಲಿ ಒಬ್ಬರೇ ಇದ್ದುಕೊಂಡು, ತೆರೆದ ಬಾಯಿಯನ್ನು ನನಗಾಗಿ ಮುಚ್ಚಿಕೊಂಡರು.